ಅರಿಕೇಸರಿಯ ಕೈಯಲ್ಲಿದ್ದ ಕಂಟ್ರೋಲರ್

ಮಹಾಭಾರತದ ಮೇಲೆ ಒಂದು ಒಳ್ಳೆ ವಿಡಿಯೋ ಗೇಮ್ ಯಾಕಿಲ್ಲ? ಗೇಮ್ ಆಡೋ ನಾಲ್ಕು ಜನ ಸೇರಿದ ಕಡೆ ಈ ಪ್ರಶ್ನೆ ಬಂದೇ ಬರುತ್ತೆ. ಗ್ರೀಕರ ದೇವತೆಗಳನ್ನ ಇಟ್ಟುಕೊಂಡು 'ಗಾಡ್ ಆಫ್ ವಾರ್' ಮಾಡಿದರು. ನಮ್ಮಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು 2020ರಲ್ಲಿ 'ರಾಜಿ' ತಂದರು, ಚೆನ್ನಾಗಿಯೇ ಇದೆ. ಆದರೆ ಅದರ ನಾಯಕಿ ದುರ್ಗೆಯ ಕೃಪೆ ಪಡೆದ ಒಬ್ಬ ಹುಡುಗಿ, ಪುರಾಣದ ಪಾತ್ರವಲ್ಲ. ಪುರಾಣದ ಪಾತ್ರವನ್ನೇ ಆಡಿಸಲು ಹೋದಾಗ ಏನಾಗುತ್ತೆ ಅಂತ 2009ರಲ್ಲೇ ಗೊತ್ತಾಗಿತ್ತು. ಹೈದರಾಬಾದಿನಲ್ಲಿ ತಯಾರಾದ 'ಹನುಮಾನ್: ಬಾಯ್ ವಾರಿಯರ್' ಪ್ಲೇಸ್ಟೇಷನ್‌ಗೆ ಬಂದಾಗ ಅಮೆರಿಕದಿಂದ ಆಕ್ಷೇಪಣೆ ಬಂತು: ದೇವರನ್ನ ಬಟನ್ ಒತ್ತಿ ಕುಣಿಸ್ತೀರಾ?

ಇಂಥ ಗೇಮಿನ ಮಾತೆತ್ತಿದರೆ ಎರಡು ತಕರಾರು ಗ್ಯಾರಂಟಿ. ಒಂದು, ದೇವರನ್ನ ಆಡಿಸಬಾರದು. ಎರಡು, ಕಥೆಯನ್ನ ಬದಲಿಸಬಾರದು.

ಮೊದಲನೆಯದಕ್ಕೆ ಉತ್ತರ ಸುಲಭ. ತೊಗಲುಗೊಂಬೆಯಾಟದಲ್ಲಿ ರಾಮನನ್ನ ಕಡ್ಡಿ ಹಿಡಿದೇ ಆಡಿಸೋದು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರ, ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಹಗಲಾದರೆ ರಾಮನಿಂದ ಆಟ ಶುರು, ರಾತ್ರಿಯಾದರೆ ಕೃಷ್ಣನಿಂದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳಿಗೆ ಹೊಸ ಹೊಸ ರೂಪ ಕೊಟ್ಟವರು. ದೇವರು ಕೈಗೆ ಸಿಗೋದು ನಮಗೆ ಹೊಸದೇನಲ್ಲ.

ಎರಡನೆಯ ತಕರಾರಿಗೆ ಉತ್ತರ ಹುಡುಕೋಕೆ ನರೇಗಲ್ಲಿಗೆ ಹೋಗಬೇಕು.

ಗದಗ ಜಿಲ್ಲೆಯ ಈ ಊರಲ್ಲಿ ರಾಷ್ಟ್ರಕೂಟರ ಕಾಲದ ದೊಡ್ಡದೊಂದು ಗುಡಿ ಇದೆ. ಈಗ ಜನ ಅದನ್ನ ನಾರಾಯಣ ದೇವಸ್ಥಾನ ಅಂತಾರೆ. ಕಟ್ಟಿದಾಗ ಅದು ಜೈನ ಬಸದಿ. ಗಂಗರ ಇಮ್ಮಡಿ ಬೂತುಗನ ರಾಣಿ ಪದ್ಮಬ್ಬರಸಿ 950ರಲ್ಲಿ ಕಟ್ಟಿಸಿದ್ದು. ಅದರ ಹಿಂದಿನ ವರ್ಷವೇ ತಕ್ಕೋಲದ ಯುದ್ಧ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರ ನಿಂತ ಬೂತುಗ ಚೋಳ ರಾಜಾದಿತ್ಯನನ್ನ ಕೊಂದ. ಆತಕೂರು ಶಾಸನದಲ್ಲಿ ಆ ಸುದ್ದಿ ಇದೆ. ಜೊತೆಗೆ ಹಂದಿಯ ಜೊತೆ ಕಾದಾಡಿ ಸತ್ತ 'ಕಾಳಿ' ಅನ್ನೋ ನಾಯಿಯ ಸುದ್ದಿಯೂ ಇದೆ. ಕೃಷ್ಣ ಮೆಚ್ಚಿ ಬೂತುಗನಿಗೆ ಕೊಟ್ಟ ನಾಡುಗಳಲ್ಲಿ ಬೆಳ್ವೊಲ ಮುನ್ನೂರೂ ಒಂದು, ಅಂದರೆ ಇದೇ ಸೀಮೆ.

ಭಾಷೆಯ ನಕ್ಷೆ ತೆಗೆದರೂ ನರೇಗಲ್ ಸಿಗುತ್ತೆ. ಕವಿರಾಜಮಾರ್ಗ ಹೇಳುವ ತಿರುಳ್ಗನ್ನಡದ ನಾಡಿಗೆ ನಾಲ್ಕು ಮೂಲೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಈಗಿನ ಹೆಸರಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ನಾಲ್ಕಕ್ಕೂ ಗೆರೆ ಎಳೆದು ನೋಡಿ, ನರೇಗಲ್ ಒಳಗೇ ಬರುತ್ತೆ. ಪಂಪ ತನ್ನ ಕಾವ್ಯದ ಕನ್ನಡ ಪುಲಿಗೆರೆಯದು ಅಂದದ್ದೂ ಇದೇ ಸೀಮೆಯನ್ನ ನೆನೆದು.

ಆ ಪಂಪ ಬಸದಿ ಏಳೋಕೆ ಒಂಬತ್ತು ವರ್ಷ ಮೊದಲು, 941ರಲ್ಲಿ, ಮಾಡಿದ್ದೇನು ನೋಡಿ. ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿ ಅವನ ಆಶ್ರಯದಾತ. ಪಂಪ ಅವನನ್ನ ತಂದು ಅರ್ಜುನನ ಪಾತ್ರದೊಳಗೆ ಕೂರಿಸಿದ. 'ವಿಕ್ರಮಾರ್ಜುನ ವಿಜಯ'ದಲ್ಲಿ ಅರ್ಜುನ ನಡೆದರೆ ಅರಿಕೇಸರಿ ನಡೆದಂತೆ, ಅರ್ಜುನ ಗೆದ್ದರೆ ಅರಿಕೇಸರಿ ಗೆದ್ದಂತೆ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ, ಆಸ್ಥಾನದಲ್ಲಿ ಕೂತು ಕೇಳುತ್ತಿದ್ದ ದೊರೆಯ ಕೈಗೆ ಪಂಪ ಕಂಟ್ರೋಲರ್ ಕೊಟ್ಟ. ಆರು ತಿಂಗಳಲ್ಲಿ ಇಡೀ ಭಾರತ ಮುಗಿಸಿದೆ ಅಂತ ಹೇಳಿಕೊಂಡಿದ್ದಾನೆ. ಡೆಡ್‌ಲೈನ್ ನೋಡಿದವರಿಗೆ ಅದರ ಬೆಲೆ ಗೊತ್ತು.

ದೊರೆಯೇ ಅರ್ಜುನ ಆದಮೇಲೆ ಕಥೆಯೂ ಬದಲಾಗಲೇಬೇಕಲ್ಲ. ಪಂಪನಲ್ಲಿ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ಕೊನೆಗೆ ಪಟ್ಟ ಕಟ್ಟೋದೂ ಧರ್ಮರಾಯನಿಗಲ್ಲ, ಅರ್ಜುನನಿಗೆ, ಪಕ್ಕದಲ್ಲಿ ಸುಭದ್ರೆ. ಇದರಿಂದ ತೊಡಕೂ ಆಯ್ತು. ಅರ್ಜುನನ ಹೆಂಡತಿಯ ಮುಡಿಗಾಗಿ ಭೀಮ ಯಾಕೆ ಶಪಥ ಮಾಡಬೇಕು ಅನ್ನೋ ಪ್ರಶ್ನೆಗೆ ಉತ್ತರ ಕಷ್ಟ. ಒಂದು ಕಡೆ ರೂಲ್ ಬದಲಿಸಿದರೆ ಇನ್ನೆಲ್ಲೋ ಬಗ್ ಏಳುತ್ತೆ. ಆದರೂ ಅವನನ್ನ ಯಾರೂ ಕನ್ನಡದಿಂದ ಹೊರಗೆ ಹಾಕಲಿಲ್ಲ, ಆದಿಕವಿ ಅಂದರು.

ರನ್ನ ಇನ್ನೊಂದು ದಾರಿ ಹಿಡಿದ. 'ಗದಾಯುದ್ಧ'ದಲ್ಲಿ ಅವನೂ ಆಶ್ರಯದಾತ ಸತ್ಯಾಶ್ರಯನನ್ನ ಭೀಮನ ಜೊತೆ ಸಮೀಕರಿಸಿದ. ಆದರೆ ಕಾವ್ಯ ಹಿಡಿದುಕೊಂಡದ್ದು ಯುದ್ಧದ ಕೊನೆಯ ದಿನ, ಉಳಿದದ್ದೆಲ್ಲ ಹಿನ್ನೋಟ. ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ ಒಬ್ಬೊಬ್ಬರ ಮುಂದೂ ನಿಲ್ಲುತ್ತಾನೆ. ಶರಶಯ್ಯೆಯ ಭೀಷ್ಮ ಸಂಧಿ ಮಾಡಿಕೋ ಅಂತಾನೆ, ಇವನು ಒಪ್ಪಲ್ಲ. ಆಮೇಲೆ ವೈಶಂಪಾಯನ ಸರೋವರ, ಭೀಮನ ಮೂದಲಿಕೆ, ಗದೆ.

ನನ್ನ ಕೇಳಿದರೆ ಗೇಮ್ ಇರೋದು ಇಲ್ಲೇ. ಆಟಗಾರ ದುರ್ಯೋಧನ. ಕತ್ತಿಗಿಂತ ಕಾಲಿಗೇ ಕೆಲಸ ಜಾಸ್ತಿ. ಒಂದೊಂದು ಹೆಣದ ಹತ್ತಿರ ನಿಂತಾಗಲೂ ಒಂದು ನೆನಪು ತೆರೆಯಬೇಕು. ಭೀಷ್ಮನ ಮುಂದೆ 'ಒಪ್ಪುತ್ತೇನೆ', 'ಒಪ್ಪಲ್ಲ' ಎರಡೂ ಆಯ್ಕೆ ಪರದೆ ಮೇಲಿರಬೇಕು. ಅಷ್ಟು ಹೆಣ ದಾಟಿ ಬಂದವನಿಗೆ 'ಒಪ್ಪುತ್ತೇನೆ' ಒತ್ತೋಕೆ ಕೈ ಯಾಕೆ ಬರಲ್ಲ ಅನ್ನೋದೇ ಆಟ. ಅಂತ್ಯ ಎಲ್ಲರಿಗೂ ಗೊತ್ತು. ರನ್ನನ ಕೇಳುಗರಿಗೂ ಗೊತ್ತಿತ್ತು.

ಇದರಲ್ಲಿ ಪಣಕ್ಕಿಟ್ಟಿರೋದು ಬರೀ ಮನರಂಜನೆಯಲ್ಲ. ನಮ್ಮಲ್ಲಿ ಎಷ್ಟು ಜನ ಹಳಗನ್ನಡದ ಒಂದು ಪದ್ಯವನ್ನ ತಡವರಿಸದೆ ಓದಬಲ್ಲೆವು? ಪಂಪ, ರನ್ನರನ್ನ ಬಿಟ್ಟು ಗೇಮ್ ಮಾಡಿದರೆ ಕೈಗೆ ಸಿಗೋದು ಟಿವಿ ಧಾರಾವಾಹಿಯ ಮಹಾಭಾರತವೊಂದೇ. ನಾಳೆ ಅದೇ ಅಧಿಕೃತ, ಉಳಿದದ್ದು ತಪ್ಪು ಅನ್ನೋರೂ ಹುಟ್ಟಿಕೊಳ್ಳುತ್ತಾರೆ. ಹಾಗಂತ ಪಂಪನಿಗೂ ಪೂರ್ತಿ ಸ್ವಾತಂತ್ರ್ಯ ಇರಲಿಲ್ಲ. ದುಡ್ಡು ಹಾಕಿದವನ ಮುಖ ಅವನ ನಾಯಕನಿಗಿತ್ತು. ನಮ್ಮ ಗೇಮಿಗೂ ಇನ್ವೆಸ್ಟರ್ ಇರುತ್ತಾರೆ. ಅವರ ನಡುವೆಯೂ ಕರ್ಣನನ್ನ ಮರೆಯದಷ್ಟು ದೊಡ್ಡ ಮನಸ್ಸು ಪಂಪನಿಗಿತ್ತು, ನಮಗಿದೆಯಾ ಅನ್ನೋದಷ್ಟೇ ಪ್ರಶ್ನೆ.

ನರೇಗಲ್ಲಿನ ಗುಡಿಗೆ ಒಮ್ಮೆ ಹೋಗಿ ಬನ್ನಿ. ಕಲ್ಲು ಪದ್ಮಬ್ಬರಸಿಯದು, ಹೆಸರು ನಾರಾಯಣನದು. ಸಾವಿರ ವರ್ಷ ದಾಟಿದರೂ ಗುಡಿ ನಿಂತೇ ಇದೆ.