ತನ್ನ ಲೆಕ್ಕ ತಾನೇ

ಪರೀಕ್ಷೆಯೆಂದೊಡನೆ ನನಗೆ ನೆನಪಾಗುವುದು ಕೆಂಪು ಶಾಯಿ. ಬರೆಯುವವರು ಒಬ್ಬರು, ತೂಗುವವರು ಇನ್ನೊಬ್ಬರು. ಈ ಕ್ರಮಕ್ಕೆ ಹೊರತಾದ ಅಧ್ಯಾಯವೊಂದು ನಮ್ಮ ವಯಸ್ಕರ ಶಿಕ್ಷಣದ ಚರಿತ್ರೆಯಲ್ಲಿದೆ.

1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಹುಟ್ಟಿತು. 1990ರ ದಶಕದ ಮೊದಲಲ್ಲಿ ಅದರ ಆಂದೋಲನ ದಕ್ಷಿಣ ಕನ್ನಡ ಜಿಲ್ಲೆಗೂ ಬಂದಿತು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳು ಆಗ ಆ ಜಿಲ್ಲೆಯವೇ. ಉಡುಪಿ ಬೇರೆ ಜಿಲ್ಲೆಯಾದುದು 1997ರಲ್ಲಿ. ಮಿಷನ್ನಿನ ಕ್ರಮದಂತೆ ಪಾಠಪುಸ್ತಕಗಳು ಮೂರು, ಒಂದೊಂದರಲ್ಲೂ ಮೂರು ಪರೀಕ್ಷೆಗಳು. ಕಲಿಯುವವರು ಪುಸ್ತಕದಲ್ಲಿಯೇ ಬರೆದು, ತಮ್ಮ ಮುನ್ನಡೆಯನ್ನು ತಾವೇ ಅಳೆದುಕೊಳ್ಳಬೇಕು. ನಿಮಿಷಕ್ಕೆ 30 ಪದ ಗಟ್ಟಿಯಾಗಿ ಓದುವುದು, 7 ಪದ ನೋಡಿ ಬರೆಯುವುದು, 100ರವರೆಗಿನ ಅಂಕಿ ಬಲ್ಲವರಾಗುವುದು: ಇಷ್ಟು ಗುರಿ.

ಇದೇನು ಮಹಾ ಎನ್ನಬಹುದು. ಆದರೆ ಈ ಸೀಮೆಯಲ್ಲಿ ಮನೆಯಲ್ಲೇ ಬೀಡಿ ಕಟ್ಟುತ್ತಿದ್ದ ಹೆಂಗಸರ ಬಳಿ ಅದಕ್ಕೂ ಮೊದಲೇ ಒಂದು ಪುಸ್ತಕವಿತ್ತು: ಪಡೆದ ಎಲೆ, ಕಟ್ಟಿಕೊಟ್ಟ ಬೀಡಿಗಳ ಲೆಕ್ಕದ್ದು. ಅದರಲ್ಲಿ ಬರೆಯುವ ಕೈ ಬೇರೆಯವರದು. ಓದು ಬಾರದವಳಿಗೆ ತನ್ನ ದುಡಿಮೆಯ ದಾಖಲೆಯೇ ಕಾಣದು. ಬೀಡಿಯ ಲೆಕ್ಕ ಸಾವಿರಗಳದು. ನೂರರ ಅಂಕಿ ಅದಕ್ಕೆ ಸಾಲದು, ನಿಜ. ಆದರೂ ನೂರು ಬಲ್ಲವಳಿಗೆ ಸಾವಿರ ದೂರವಲ್ಲ.

ಜಿಲ್ಲೆಯ ಸಾಕ್ಷರತೆಯ ಅಂಕಿಗಳು ವರದಿಗಳಲ್ಲಿ ಉಳಿದಿವೆ. ಒಂಬತ್ತು ಪರೀಕ್ಷೆಗಳ ಆ ಪುಸ್ತಕಗಳು ಮಾತ್ರ ಬರೆದವರ ಸ್ವಂತ ಸೊತ್ತು. ಮೊದಲ ಪುಟದ ಸೊಟ್ಟ ಗೆರೆಯಿಂದ ಕೊನೆಯ ಪುಟದ ಹೆಸರಿನವರೆಗೆ ತಾನು ನಡೆದ ದಾರಿಯನ್ನು ಕಂಡವಳು, ಇನ್ನೊಬ್ಬರು ಬರೆದ ಲೆಕ್ಕವನ್ನು ಒಮ್ಮೆ ನಿಲ್ಲಿಸಿ ಕೇಳಿಯಾಳು. ಯಾರದಾದರೂ ಅಟ್ಟದಲ್ಲಿ ಅಂಥ ಪುಸ್ತಕವಿದ್ದರೆ ದಯಮಾಡಿ ರದ್ದಿಗೆ ಹಾಕಬೇಡಿ.