ಕಾರ್ ಅಲಾರಂ: ರಿಮೋಟ್ ವ್ಯಾಪ್ತಿ ಹೆಚ್ಚಿಸುವುದು ಹೇಗೆ?

ಕಾರಿನ ಅಲಾರಂ ರಿಮೋಟ್ ಮೊದಲಿನಷ್ಟು ದೂರದಿಂದ ಸ್ಪಂದಿಸದಿದ್ದರೆ ಇಡೀ ವ್ಯವಸ್ಥೆಯನ್ನೇ ಬದಲಿಸಬೇಕಾಗಿಲ್ಲ. ದೋಷವು ಹೆಚ್ಚಾಗಿ ಬ್ಯಾಟರಿ, ಆಂಟೆನಾ ಅಥವಾ ಸುತ್ತಲಿನ ಅಡೆತಡೆಗಳಲ್ಲಿ ಇರುತ್ತದೆ.

ಬ್ಯಾಟರಿ: ಬಹುತೇಕ ರಿಮೋಟ್‌ಗಳಲ್ಲಿ 3 ವೋಲ್ಟ್‌ನ ನಾಣ್ಯಾಕಾರದ ಸೆಲ್ ಇರುತ್ತದೆ. ಅದು ದುರ್ಬಲವಾದಂತೆ ವ್ಯಾಪ್ತಿಯೂ ಕುಗ್ಗುತ್ತದೆ. ಆದ್ದರಿಂದ ಮೊದಲು ಸೆಲ್ ಬದಲಿಸಿ ನೋಡುವುದು ಸೂಕ್ತ.

ಆಂಟೆನಾ: ಭಾರತ ಹಾಗೂ ಯುರೋಪಿನಲ್ಲಿ ಇಂತಹ ರಿಮೋಟ್‌ಗಳು ಸಾಮಾನ್ಯವಾಗಿ 433.92 ಮೆಗಾಹರ್ಟ್ಜ್‌ನಲ್ಲಿ ಸಂಕೇತ ಕಳುಹಿಸುತ್ತವೆ. ಇದರ ಕಾಲು ತರಂಗದ ಉದ್ದ ಸುಮಾರು 17 ಸೆಂ.ಮೀ. ಹೊರಗಿನಿಂದ ಅಳವಡಿಸಿದ ಅಲಾರಂಗಳಲ್ಲಿ ಆಂಟೆನಾ ತಂತಿ ಡ್ಯಾಶ್‌ಬೋರ್ಡ್‌ನ ಕೆಳಗೆ ಇತರ ತಂತಿಗಳೊಡನೆ ಸುತ್ತಿಕೊಂಡಿದ್ದರೆ ಸಂಕೇತ ಕ್ಷೀಣಿಸುತ್ತದೆ. ಅದನ್ನು ಕತ್ತರಿಸದೆ, ಲೋಹದಿಂದ ದೂರವಿರಿಸಿ, ಮುಂಗಾಜಿನ ಬಳಿ ನೇರವಾಗಿ ಹರಡಬೇಕು. ಗಾಜಿಗೆ ಲೋಹಲೇಪಿತ ಫಿಲ್ಮ್ ಅಂಟಿಸಿದ್ದರೆ ಅದೂ ಅಡ್ಡಿಯಾಗುತ್ತದೆ.

ಬಳಕೆ: ರಿಮೋಟನ್ನು ಎತ್ತರದಲ್ಲಿ ಹಿಡಿದರೆ ಅಡೆತಡೆ ಕಡಿಮೆ. ಗದ್ದಕ್ಕೆ ತಾಗಿಸಿ ಒತ್ತಿದಾಗಲೂ ಹಲವು ಬಾರಿ ವ್ಯಾಪ್ತಿ ಹೆಚ್ಚುತ್ತದೆ. ದೇಹವೇ ಆಂಟೆನಾದಂತೆ ವರ್ತಿಸುವುದು ಇದಕ್ಕೆ ಕಾರಣ.

ಮಿತಿ: ಬಯಲಿನಲ್ಲಿಯೂ ದೂರ ಎರಡು ಪಟ್ಟಾಗಲು ಪ್ರಸರಣ ಶಕ್ತಿ ನಾಲ್ಕು ಪಟ್ಟಾಗಬೇಕು. ಆದರೆ ಪರವಾನಗಿ ಬೇಕಿಲ್ಲದ ಈ ತರಂಗಪಟ್ಟಿಯಲ್ಲಿ ಶಕ್ತಿಗೆ ಕಾನೂನಿನ ಮಿತಿಯಿದೆ. ಹೀಗಾಗಿ ವರ್ಧಕ ಜೋಡಿಸುವುದು ಸಲ್ಲದು.

ಎಚ್ಚರಿಕೆ: ವ್ಯಾಪ್ತಿ ಹೆಚ್ಚಿದ ಮಾತ್ರಕ್ಕೆ ಸುರಕ್ಷತೆ ಹೆಚ್ಚುವುದಿಲ್ಲ. ಕಳ್ಳರು ಜಾಮರ್ ಬಳಸಿ ಬೀಗ ಹಾಕುವ ಸಂಕೇತವನ್ನೇ ತಡೆಯಬಲ್ಲರು. ದೂರದಿಂದ ಗುಂಡಿ ಒತ್ತಿ ತಿರುಗಿ ನೋಡದೆ ಹೊರಟವರಿಗೆ ಬಾಗಿಲು ತೆರೆದೇ ಉಳಿದದ್ದು ತಿಳಿಯದು. ಇಂಡಿಕೇಟರ್ ಮಿನುಗಿದ್ದನ್ನು ಕಂಡು, ಬಾಗಿಲಿನ ಹಿಡಿಕೆ ಎಳೆದು ನೋಡಿ ತೆರಳುವುದೇ ಕ್ಷೇಮ.