ಕೂಳೂರಿನಲ್ಲಿ ಉಳಿದ ಹನ್ನೆರಡು ಮಂದಿ

ಮಂಗಳೂರಿನ ಕೂಳೂರಿನಲ್ಲಿ ಫಲ್ಗುಣಿ ನದಿಯ ದಡದಲ್ಲೊಂದು ಸ್ಮಾರಕವಿದೆ. ಅಲ್ಲಿ ಮಣ್ಣಾದ 12 ಮಂದಿಯ ಹೆಸರುಗಳು ವಿಮಾನದ ಪಟ್ಟಿಯಲ್ಲಿವೆ. ಆದರೆ ಯಾವ ದೇಹ ಯಾರದು ಎಂಬುದು ಮಾತ್ರ ನಿಶ್ಚಯವಾಗಲಿಲ್ಲ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆ ನಿಲ್ದಾಣದ ರನ್‌ವೇ ದಾಟಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಅದರಲ್ಲಿದ್ದ 166 ಮಂದಿಯಲ್ಲಿ ಬದುಕಿದವರು ಎಂಟೇ ಜನ. ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಬಂಧುಗಳು ವೆನ್ಲಾಕ್ ಆಸ್ಪತ್ರೆಗೆ ಧಾವಿಸಿದರು. ಕಣ್ಣಂದಾಜಿನ ಗುರುತಿನ ಮೇಲೆ 136 ದೇಹಗಳನ್ನು ಒಪ್ಪಿಸಲಾಯಿತು. ಉಳಿದ 22 ದೇಹಗಳ ಮಾದರಿಗಳೂ ಬಂಧುಗಳ ರಕ್ತವೂ ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಕೇಂದ್ರಕ್ಕೆ ಹೋದವು. ಹತ್ತು ಹೊಂದಿದವು, ಹನ್ನೆರಡಕ್ಕೆ ಯಾರ ರಕ್ತವೂ ಹೊಂದಲಿಲ್ಲ.

ಹಾಗಾದರೆ ಪರೀಕ್ಷೆಯೇ ಸೋತಿತೇ?

ಡಿಎನ್‌ಎ ಬೆರಳಚ್ಚನ್ನು 1984ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಲೆಸ್ಟರ್‌ನ ಅಲೆಕ್ ಜೆಫ್ರಿಸ್. ಭಾರತದಲ್ಲಿ ಅದನ್ನು ಬೆಳೆಸಿದವರು ಹೈದರಾಬಾದಿನ ಲಾಲ್‌ಜಿ ಸಿಂಗ್. ಪಟ್ಟೆಗಳುಳ್ಳ ವಿಷದ ಹಾವೊಂದರ ಡಿಎನ್‌ಎ ತುಣುಕನ್ನೇ ಅವರು ಸಾಧನವಾಗಿ ಬಳಸಿದ್ದು ಸ್ವಾರಸ್ಯಕರ. ನಮಗೆ ದೂರವಲ್ಲದ ತಲಶ್ಶೇರಿಯ ಪಿತೃತ್ವದ ವ್ಯಾಜ್ಯವೊಂದರ ಮೂಲಕ ಈ ವಿದ್ಯೆ ಭಾರತದ ನ್ಯಾಯಾಲಯವನ್ನು ಪ್ರವೇಶಿಸಿತು. ಆದರೆ ಆ ಹಳೆಯ ವಿಧಾನಕ್ಕೆ ಕೆಡದ ಡಿಎನ್‌ಎ ಧಾರಾಳವಾಗಿ ಬೇಕಿತ್ತು. ಸುಟ್ಟ ದೇಹದಲ್ಲಿ ಅದೆಲ್ಲಿ ಸಿಗಬೇಕು?

ಆ ಕೊರತೆ ನೀಗಿಸಲು ಬಂದವೇ ಸಿದ್ಧ ಕಿಟ್‌ಗಳು. ನಮ್ಮ ಡಿಎನ್‌ಎಯ ಕೆಲವು ಜಾಗಗಳಲ್ಲಿ ನಾಲ್ಕು ಅಕ್ಷರಗಳ ಒಂದೇ ಪದ ಮತ್ತೆ ಮತ್ತೆ ಬರುತ್ತದೆ. ಒಬ್ಬರಲ್ಲಿ 9 ಸಲ, ಇನ್ನೊಬ್ಬರಲ್ಲಿ 14 ಸಲ. ಪ್ರತಿ ಜಾಗದಲ್ಲೂ ಒಂದು ಸಂಖ್ಯೆ ತಂದೆಯದು, ಒಂದು ತಾಯಿಯದು. ಕಿಟ್ ಆ ಜಾಗಗಳನ್ನು ಕೋಟಿಗಟ್ಟಲೆ ನಕಲು ಮಾಡಿ ಎಣಿಕೆಗೆ ಒದಗಿಸುತ್ತದೆ. 2001ರಲ್ಲಿ ಬಂದ ಐಡೆಂಟಿಫೈಲರ್ ಇಂಥ 15 ಜಾಗಗಳನ್ನು ಓದುತ್ತಿತ್ತು. ಆದರೆ ಬೆಂಕಿಯಲ್ಲಿ ಬೆಂದ ಡಿಎನ್‌ಎ ಹಳೆಯ ಹುರಿಯಂತೆ ತುಂಡಾಗುತ್ತದೆ; ಉದ್ದನೆಯ ಜಾಗಗಳು ಮೊದಲು ಮಾಯವಾಗುತ್ತವೆ. ಅದಕ್ಕೆಂದೇ 2007ರಲ್ಲಿ ಮಿನಿಫೈಲರ್ ಬಂತು. ಅದು ಓದುವುದು ಎಂಟೇ ಜಾಗ, ಆದರೆ ಗಿಡ್ಡ ತುಣುಕುಗಳಲ್ಲಿ. ಒಂದರಲ್ಲಿ ತಪ್ಪಿದ್ದು ಇನ್ನೊಂದರಲ್ಲಿ ಸಿಗುವುದರಿಂದ ಕೆಟ್ಟ ಮಾದರಿಯನ್ನು ಒಂದಕ್ಕಿಂತ ಹೆಚ್ಚು ಕಿಟ್‌ಗಳಲ್ಲಿ ಒರೆಗೆ ಹಚ್ಚುವುದು ಜಾಣತನ.

ಅಂದರೆ ಬಜ್ಪೆ ದುರಂತದ ವೇಳೆಗೆ ಸಾಧನಗಳಿಗೆ ಬರವಿರಲಿಲ್ಲ. ಆದರೆ ಎಂಥ ಕಿಟ್ ಆದರೂ ಎರಡು ಮಾದರಿಗಳನ್ನು ಹೋಲಿಸಬಲ್ಲುದೇ ಹೊರತು ತನ್ನೆದುರು ಇಲ್ಲದ ದೇಹವನ್ನು ಹುಡುಕಿ ತರಲಾರದು. ಕಾದು ನಿಂತ ಕುಟುಂಬಗಳ ರಕ್ತ ಉಳಿದ ದೇಹಗಳಿಗೆ ಹೊಂದದಿದ್ದರೆ, ಅವರವರ ದೇಹಗಳು ಮೊದಲೇ ಬೇರೆ ಮನೆಗಳಿಗೆ ಹೋಗಿರಬೇಕು ಎಂಬುದೇ ಸಹಜವಾದ ಊಹೆ. ಕರಕಲಾದ ಮುಖದಲ್ಲಿ ತನ್ನವರನ್ನು ಕಂಡ ತಾಯಿಯನ್ನು ಯಾರು ತಾನೆ ದೂರಿಯಾರು? ಆದರೂ ಬೆರಳಚ್ಚು, ಹಲ್ಲು ಅಥವಾ ಡಿಎನ್‌ಎ ಆಧಾರವಿಲ್ಲದೆ ಕಣ್ಣಿನ ಗುರುತನ್ನಷ್ಟೇ ನಂಬಬಾರದೆಂಬುದು ಇಂಟರ್‌ಪೋಲ್ ಸೂತ್ರ.

2025ರ ಜೂನ್ 12ರ ಅಹಮದಾಬಾದ್ ವಿಮಾನ ದುರಂತದಲ್ಲಿ ಬಹುಪಾಲು ದೇಹಗಳನ್ನು ಡಿಎನ್‌ಎ ಹೊಂದಿದ ಮೇಲೆಯೇ ಒಪ್ಪಿಸಲಾಯಿತು. ಬಂಧುಗಳು ದಿನಗಟ್ಟಲೆ ಕಾಯಬೇಕಾಯಿತು. ಮಂಗಳೂರಿನಲ್ಲಿ ಹೈದರಾಬಾದಿನ ವರದಿ ಬರುವ ಮೊದಲೇ 136 ದೇಹಗಳು ಆಸ್ಪತ್ರೆಯಿಂದ ಹೊರಟುಹೋಗಿದ್ದವು.